ಹೆಡ್‌ಫೋನಿನ ಸದ್ದು

ಗಣಿತದ ಮೇಡಂ ಜೀವಮಾನವಿಡೀ ಬೋರ್ಡಿನ ಮುಂದೆ ನಿಂತೇ ಪಾಠ ಹೇಳಿದವರು. ಹೊಸ ಪದ್ಧತಿ ಬಂದ ಮೇಲೆ ತರಗತಿ ಮೂರು ಗುಂಪಾಯಿತು. ಒಂದು ಗುಂಪು ಮೇಡಂ ಮೇಜಿನ ಸುತ್ತ ಕೂರಬೇಕು, ಇನ್ನೊಂದು ತಾನೇ ಲೆಕ್ಕ ಬಿಡಿಸಬೇಕು, ಮತ್ತೊಂದು ಕಂಪ್ಯೂಟರಿನಲ್ಲಿ ಪಾಠ ಕೇಳಬೇಕು. ಗಂಟೆ ಹೊಡೆದಾಗಲೆಲ್ಲ ಜಾಗ ಬದಲು. "ಇದೇನು ಕುರ್ಚಿ ಆಟಾನೇನ್ರೀ?" ಎಂದು ಮೇಡಂ ನಕ್ಕಿದ್ದರು.

ಒಂದು ದಿನ ಗಂಟೆ ಹೊಡೆದರೂ ಕಂಪ್ಯೂಟರ್ ಮುಂದಿನ ಹುಡುಗಿಯೊಬ್ಬಳು ಏಳಲಿಲ್ಲ. ತರಗತಿಯಲ್ಲೆಲ್ಲ ಮಂಕುದಿಣ್ಣೆ ಎನಿಸಿಕೊಂಡವಳು. ಪರದೆಯ ಮೇಲೆ ಅವಳ ಉತ್ತರಗಳೆಲ್ಲ ಸರಿ! ಮೇಡಂ ಅವಳ ಹೆಡ್‌ಫೋನ್ ತೆಗೆದು ತಮ್ಮ ಕಿವಿಗಿಟ್ಟುಕೊಂಡರು. ಕಿವಿ ಗುಂಯ್‌ಗುಟ್ಟುವಷ್ಟು ಸದ್ದು.

"ಇಷ್ಟು ಜೋರಾಗಿ ಯಾಕೆ ಇಟ್ಕೊಂಡಿದ್ದೀಯೇ?"

ಹುಡುಗಿ ಅವರ ತುಟಿಯನ್ನೇ ನೋಡುತ್ತ ಹೇಳಿದಳು: "ಹೀಗಿಟ್ರೆ ಪಾಠ ಕೇಳ್ಸುತ್ತೆ ಮಿಸ್."

"ಮತ್ತೆ ನಾನು ಹೇಳೋದು?"

"ನೀವು ಬೋರ್ಡ್ ಕಡೆ ತಿರುಗಿದ್ರೆ ಏನೂ ಕೇಳ್ಸಲ್ಲ. ಎಲ್ರಿಗೂ ಹಾಗೇ ಅಂದ್ಕೊಂಡಿದ್ದೆ."

ಮೇಡಂ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತರು.

ಮರುದಿನವೇ ಹುಡುಗಿಯನ್ನೂ ಅವಳ ತಾಯಿಯನ್ನೂ ಕಿವಿ ಡಾಕ್ಟರ ಬಳಿಗೆ ಕರೆದೊಯ್ದರು. ಕೆಲವು ವಾರಗಳಲ್ಲಿ ಕಿವಿಗೆ ಯಂತ್ರ ಬಂತು. ಅದನ್ನು ಹಾಕಿದ ಕೂಡಲೇ ಹುಡುಗಿ ಬೆಚ್ಚಿಬಿದ್ದು ತಲೆಯೆತ್ತಿದಳು.

"ಮಿಸ್, ಫ್ಯಾನೂ ಸದ್ದು ಮಾಡುತ್ತಾ?"