ಹುಲಿಗಿಯ ಜಡೆ

ಆಗೆಲ್ಲ ನನ್ನ ಪಾಲಿಗೆ ತಿಂಗಳು ಅಂದರೆ ಒಂದೇ ಗಂಟೆ. ಎರಡನೇ ಶನಿವಾರ ಹನ್ನೊಂದಕ್ಕೆ ಶುರುವಾಗಿ ಹನ್ನೆರಡಕ್ಕೆ ಮುಗಿದುಹೋಗುತ್ತಿತ್ತು. ಉಳಿದ ದಿನ ಶಾಲೆಗೆ ಹೋಗುತ್ತಿದ್ದೆ, ಉಣ್ಣುತ್ತಿದ್ದೆ, ಹುಡುಗಿಯರ ಜೊತೆ ಐದು ಕಲ್ಲಿನ ಆಟ ಆಡಿ ಜಗಳ ತೆಗೆಯುತ್ತಿದ್ದೆ. ಆ ದಿನಗಳನ್ನು ಲೆಕ್ಕಕ್ಕೇ ಹಿಡಿದವಳಲ್ಲ. ಆ ಒಂದು ಗಂಟೆಗಾಗಿ ನನ್ನ ತಂಗಿ ಹುಲಿಗಿ ದೇಶನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು.

ನಮ್ಮದು ಕುರುಗೋಡು. ಅವ್ವ ತೀರಿಕೊಂಡ ಮೇಲೆ ದುಡಿಯಲು ಆಂಧ್ರದ ಕಡೆ ಹೋದ ಅಪ್ಪ ತಿರುಗಿ ಬರಲಿಲ್ಲ. ಕಣ್ಣು ಮಂಜಾಗಿದ್ದ ಅಜ್ಜಿಗೆ ನಮ್ಮಿಬ್ಬರನ್ನು ಸಾಕುವುದು ಆಗಲಿಲ್ಲ. ಹೀಗೆ ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದ ಒಂದು ಟ್ರಸ್ಟಿನ ಮಕ್ಕಳ ಮನೆಗೆ ಬಂದೆವು. ನನಗೆ ಹತ್ತು, ಹುಲಿಗಿಗೆ ನಾಲ್ಕು. ಬೆಳಿಗ್ಗೆ ಅವಳನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುವುದು ನನ್ನ ಕೆಲಸ. ಅವ್ವ ಹಾಸಿಗೆ ಹಿಡಿದ ದಿನದಿಂದಲೂ ನಾನೇ ಹಾಕುತ್ತಿದ್ದೆ.

ವರ್ಷ ತುಂಬುವುದರೊಳಗೆ ದೇಶನೂರಿನ ಸುಂಕಮ್ಮ ಮತ್ತು ಅವಳ ಗಂಡ ಬಂದರು. ಭತ್ತ ಬೆಳೆಯುವ ಜನ, ಮಕ್ಕಳಿರಲಿಲ್ಲ, ಹುಲಿಗಿಯನ್ನು ಕೇಳಿದರು. ಟ್ರಸ್ಟಿನವರು ವಿಚಾರಿಸಿ ನೋಡಿ, ಮಕ್ಕಳನ್ನು ಇಂಥ ಮನೆಗಳಲ್ಲಿ ಬೆಳೆಯಲು ಕಳಿಸುತ್ತಿದ್ದರು. ಸಣ್ಣವರನ್ನು ಕೇಳುವವರಿದ್ದರು, ಹತ್ತು ವರ್ಷದ, ಬಾಯಿ ಜೋರಿನ ಹುಡುಗಿಯನ್ನು ಯಾರು ಕೇಳುತ್ತಾರೆ? ನಮ್ಮ ಜವಾಬ್ದಾರಿ ನೋಡಿಕೊಳ್ಳುತ್ತಿದ್ದ ಟ್ರಸ್ಟಿನ ನೂರ್‌ಜಾನಕ್ಕ ನನ್ನ ತಲೆ ಸವರಿ, "ತಿಂಗಳಿಗೊಮ್ಮೆ ಕರಕೊಂಡು ಬರ್ತಾರವ್ವ, ನಾ ಅದೀನಲ್ಲ," ಅಂದರು. ನಾನು ಅವರ ಕೈ ಕೊಡವಿದೆ.

ಭೇಟಿಯ ಕೋಣೆಯಲ್ಲಿ ಒಂದು ಚಾಪೆ, ಎರಡು ಕುರ್ಚಿ, ಫಿನಾಯಿಲ್ ವಾಸನೆ. ಅದು ಅಕ್ಕತಂಗಿಯರ ಗಂಟೆ ಅಂತ ಸುಂಕಮ್ಮ ಹೊರಗಿನ ಬೆಂಚಿನಲ್ಲೇ ಕೂರುತ್ತಿದ್ದಳು. ಹುಲಿಗಿಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಕೆಂಪು ರಿಬ್ಬನ್ನಿನಲ್ಲಿ ಬಿಗಿಯಾಗಿ ಜಡೆ ಕಟ್ಟಿರುತ್ತಿದ್ದಳು. ನಾನು ಮೊದಲು ಮಾಡುತ್ತಿದ್ದ ಕೆಲಸವೇ ಅದನ್ನು ಬಿಚ್ಚುವುದು.

"ಯಾಕ ಬಿಚ್ಚತಿ? ಮುಂಜಾನಿ ಹಾಕ್ಯಾಳ."

"ಬೈತಲಿ ಸೊಟ್ಟ ಐತಿ. ಸುಮ್ನ ಕುಂದ್ರು."

ಸೊಟ್ಟ ಎಲ್ಲಿತ್ತು? ದಾರ ಹಿಡಿದು ಗೆರೆ ಎಳೆದ ಹಾಗಿತ್ತು. ನನಗೆ ಹೊಟ್ಟೆಕಿಚ್ಚು, ಅಷ್ಟೇ. ಅದರ ಜೊತೆಗೆ ಭಯ: ಇವಳೂ ನನ್ನನ್ನು ಮರೆತರೆ ನಮ್ಮವರು ಅಂತ ಹೇಳಿಕೊಳ್ಳಲು ಯಾರೂ ಉಳಿಯುವುದಿಲ್ಲ. ನಾನು ಹಾಕಿದ ಜಡೆಯಲ್ಲಿ ಬಸ್ಸು ಹತ್ತಿದರೆ ಮರುದಿನದವರೆಗಾದರೂ ಅವಳು ನನ್ನ ತಂಗಿಯಾಗಿರುತ್ತಾಳೆ ಅನ್ನಿಸುತ್ತಿತ್ತು. ಬಾಚುತ್ತಾ ಬಾಚುತ್ತಾ ಊರ ಸುದ್ದಿ ಕೇಳುತ್ತಿದ್ದೆ. ಎಮ್ಮೆ ಕರು ಹಾಕಿದ್ದು, ಕಾಲುವೆಗೆ ನೀರು ಬಿಟ್ಟಿದ್ದು, ಎಲ್ಲ ಹೇಳುತ್ತಿದ್ದಳು. ಅವಳ ಕೂದಲಿಗೆ ಒಲೆಯ ಹೊಗೆಯ ವಾಸನೆ ಇರುತ್ತಿತ್ತು. ಹನ್ನೆರಡಕ್ಕೆ ಸುಂಕಮ್ಮ ಬಾಗಿಲಿಗೆ ಬಂದು, ಬದಲಾದ ಜಡೆ ನೋಡಿಯೂ ನನ್ನ ಕೈಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೊಡುತ್ತಿದ್ದಳು. ಮುಟ್ಟಬಾರದು ಅಂದುಕೊಂಡೇ ಪೂರ್ತಿ ತಿಂದು ಮುಗಿಸುತ್ತಿದ್ದೆ.

ಐದಾರು ತಿಂಗಳು ಕಳೆದ ಮೇಲೆ ಒಂದು ಶನಿವಾರ ಹುಲಿಗಿ ಜಡೆ ಹಾಕಿಸಿಕೊಳ್ಳದೆ ಬಂದಳು. ಕೂದಲನ್ನು ಒಂದು ರಬ್ಬರ್ ಬ್ಯಾಂಡಿನಲ್ಲಿ ಸಡಿಲವಾಗಿ ಕಟ್ಟಿದ್ದರು. ಚೀಲದಲ್ಲಿ ಬಾಚಣಿಗೆ, ಎಣ್ಣೆಯ ಶೀಸೆ, ರಿಬ್ಬನ್ನು ಇದ್ದವು. ಮುಂದಿನ ತಿಂಗಳೂ ಹಾಗೆಯೇ. ಖುಷಿಯಿಂದ ಜಡೆ ಹಾಕುತ್ತಿದ್ದ ನನ್ನ ತಲೆಗೆ ಒಂದು ಯೋಚನೆ ಹೊಕ್ಕಿತು. ಮಗುವನ್ನು ಅವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತಾದರೆ ಟ್ರಸ್ಟಿನವರು ವಾಪಸು ಕರೆತರಲೇಬೇಕಲ್ಲ. ಬಸ್ಸಿನ ಹೊತ್ತಾಯಿತೆಂದು ಅವರು ಹೊರಟ ಕೂಡಲೇ ನೂರ್‌ಜಾನಕ್ಕನ ಮೇಜಿನ ಮುಂದೆ ಹೋಗಿ ನಿಂತೆ.

"ಅಕ್ಕಾ, ನನ್ನ ತಂಗಿಗೆ ಅಲ್ಲಿ ತಲಿ ಬಾಚೋರು ಇಲ್ಲ. ಎರಡು ಸಲ ಹಂಗ ಬಂದಾಳ."

"ಖರೇನ?"

"ಹೊಟ್ಟಿಗೂ ಸರಿ ಹಾಕಂಗಿಲ್ಲ ಅನಸ್ತೈತಿ."

ಎರಡನೆಯದು ಶುದ್ಧ ಸುಳ್ಳು. ಹುಲಿಗಿಯ ಕೆನ್ನೆ ಆಗಲೇ ದುಂಡಗಾಗಿತ್ತು. ಅಕ್ಕ ಮುಖ ಸಪ್ಪೆ ಮಾಡಿಕೊಂಡು ಬರೆದುಕೊಂಡರು. ಮಗುವಿನ ಬಾಯಿಂದ ದೂರು ಬಂದರೆ ಹೋಗಿ ವಿಚಾರಿಸದೆ ಇರುವಂತಿರಲಿಲ್ಲ. ಆ ವಾರವೇ ಟ್ರಸ್ಟಿನ ಇನ್ನಿಬ್ಬರನ್ನು ಕರೆದುಕೊಂಡು ದೇಶನೂರಿಗೆ ಹೋದರು. ನಾನು ನನ್ನ ಪಕ್ಕದ ಹಾಸಿಗೆಯನ್ನು ಜಾಡಿಸಿ, ಹುಲಿಗಿಗೆ ಜಾಗ ಮಾಡಿ ಇಟ್ಟೆ.

ಹುಲಿಗಿ ಬರಲಿಲ್ಲ. ನೂರ್‌ಜಾನಕ್ಕ ಬಂದು ನನ್ನನ್ನು ಅಡುಗೆ ಮನೆಯ ಮೆಟ್ಟಿಲಲ್ಲಿ ಪಕ್ಕಕ್ಕೆ ಕೂರಿಸಿಕೊಂಡರು.

"ಸುಂಕಮ್ಮ ಬೇಕಂತ ಜಡಿ ಹಾಕದ ಕಳಸ್ತಿದ್ಲು, ರೇಣವ್ವ. 'ದೊಡ್ಡ ಹುಡುಗಿ ಹೆಂಗೂ ಬಿಚ್ಚಿ ತಾನ ಹಾಕತೈತಿ, ಬಿಚ್ಚಾಕ ಯಾಕ ಟೈಮ್ ಹಾಳು ಆಗಬೇಕು, ಅದೊಂದು ಕೆಲಸ ಅದಕ್ಕ ಇರ್ಲಿ' ಅಂದ್ಲು."

ನಾನು ತಲೆ ತಗ್ಗಿಸಿದೆ.

"ನಿನಗೇನೂ ಬೈಲಿಲ್ಲವ್ವ. ನಾವು ಬಾಗಲಾಗ ನಿಂತು ಕೇಳೋದನ್ನ ಓಣಿ ಮಂದಿ ಎಲ್ಲ ನೋಡಿದ್ರು. ಅದಕ್ಕ ಅಳಾಕತ್ತಿದ್ಲು."

ಮುಂದಿನ ಎರಡನೇ ಶನಿವಾರ ಹುಲಿಗಿಗೆ ಎರಡು ಜಡೆ, ಬಿಗಿಯಾಗಿ ಮಡಚಿ ಕಟ್ಟಿದ್ದು, ಮೇಲೆ ಮಲ್ಲಿಗೆ. ಚೀಲದಲ್ಲಿ ಬಾಚಣಿಗೆ ಇರಲಿಲ್ಲ. ಆದರೂ ನಾನು ರಿಬ್ಬನ್ನಿಗೆ ಕೈ ಹಾಕಿದೆ. ಅವಳು ತಲೆ ಪಕ್ಕಕ್ಕೆ ಸರಿಸಿದಳು.

"ಬ್ಯಾಡಕ್ಕ. ಬಿಚ್ಚಿದ್ರ ಆಫೀಸಿನೋರು ಅಮ್ಮಗ ಬೈತಾರ."

ಅವಳು ಸುಂಕಮ್ಮನನ್ನು ಅಮ್ಮ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೈ ಹಿಂತೆಗೆದುಕೊಂಡೆ. ಇನ್ನೂ ಐವತ್ತು ನಿಮಿಷ ಉಳಿದಿತ್ತು, ಈ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಕರು ಹೇಗಿದೆ ಅಂತ ಕೇಳಿದೆ, ದೊಡ್ಡದಾಗೈತಿ ಅಂದಳು. ಹನ್ನೆರಡಕ್ಕೆ ಸುಂಕಮ್ಮ ಬಂದು ಎಂದಿನ ಹಾಗೆ ರೊಟ್ಟಿಯ ಗಂಟು ಕೊಟ್ಟಳು. ತಪ್ಪಾಯಿತು ಅನ್ನಬೇಕೆಂದುಕೊಂಡೆ, ಗಂಟು ತೆಗೆದುಕೊಂಡು ಒಳಗೆ ಹೋಗಿಬಿಟ್ಟೆ. ಅದೊಂದು ಮಾತು ಆಡಿದ್ದರೆ ಮುಂದಿನ ತಿಂಗಳು ಚೀಲದಲ್ಲಿ ಬಾಚಣಿಗೆ ಬರುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ. ಮುಂದಿನ ತಿಂಗಳೂ ಆಡಲಿಲ್ಲ, ಅದರ ಮುಂದಿನ ತಿಂಗಳೂ ಆಡಲಿಲ್ಲ.

ಈಗ ನಾನು ಬಳ್ಳಾರಿಯಲ್ಲೇ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತೇನೆ. ಹುಲಿಗಿ ಸಿರುಗುಪ್ಪದಲ್ಲಿ ಕಾಲೇಜಿಗೆ ಹೋಗುತ್ತಾಳೆ. ಹಬ್ಬಕ್ಕೆ ಕರೆಯುತ್ತಾಳೆ, ಹೋಗುತ್ತೇನೆ. ಸುಂಕಮ್ಮ ಒತ್ತಾಯ ಮಾಡಿ ಬಡಿಸುತ್ತಾಳೆ. ಸಂಜೆ ಅವಳು ಕಟ್ಟೆಯ ಮೇಲೆ ಕೂತು ಮಗಳಿಗೆ ಜಡೆ ಹಾಕುವಾಗ ನಾನು ಎದುರಿಗೆ ಚಹಾ ಹಿಡಿದು ಕೂತಿರುತ್ತೇನೆ. ಹುಲಿಗಿಯ ಕೂದಲು ಸೊಂಟ ದಾಟಿದೆ, ಕಣ್ಣಾರೆ ನೋಡಿದ್ದೇನೆ. ನನ್ನ ಕೈಗೆ ಗೊತ್ತಿರುವುದು ಭುಜದವರೆಗಿದ್ದ ಆ ಕೂದಲು ಮಾತ್ರ.