ಮಾಪಿಲ್ಲದ ಹದಿನಾರು

ಮೊನ್ನೆ ಹಳಿಯಾಳದ ಪೇಟೆಯಲ್ಲಿ ಒಂದು ಕಿರಾಣಿ ಅಂಗಡಿಯ ಮುಂದೆ ನಿಂತಿದ್ದೆ. ಹೊಸ ಗೋಣಿಚೀಲದ ವಾಸನೆ, ಅದರೊಂದಿಗೆ ಅಕ್ಕಿಯ ಧೂಳು... ಮೂಗಿಗೆ ಬಡಿದದ್ದೇ ತಡ, ನಮ್ಮ ವಿಜ್ಞಾನದ ಮಾಸ್ತರು ನೆನಪಾದರು. ಗೋಣಿಯ ವಾಸನೆಗೆ ಮಾಸ್ತರು ನೆನಪಾಗುವುದು ನನಗೊಬ್ಬಳಿಗೇ ಇರಬೇಕು!

ಆಗ ಇದೇ ಪೇಟೆಯಲ್ಲಿ ನಮ್ಮದೂ ಕಾಳಿನ ಅಂಗಡಿ ಇತ್ತು. ಅರವತ್ತರ ಆಸುಪಾಸು, ಸೇರು ಹೋಗಿ ಕಿಲೋ ಬರುತ್ತಿದ್ದ ಕಾಲ. ಗಿರಾಕಿ ಬರೇ 'ಎರಡು ಕೊಡ್ರಿ' ಅಂದರೆ ಜಗಳ ಗ್ಯಾರಂಟಿ. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಕೂರುತ್ತಿದ್ದ ನನಗೂ ಅಪ್ಪ ತಾಕೀತು ಮಾಡಿದ್ದರು. "ಬರೇ ಅಂಕಿ ಬಾಯಾಗ ಬರಬಾರ್ದು. ಸೇರೋ, ಕಿಲೋನೋ, ಮಾಪು ಹೇಳು."

ಆ ತಾಕೀತೇ ನನ್ನ ಕುತ್ತಿಗೆಗೆ ಬಂತು. ಮ್ಯಾಟ್ರಿಕ್ ತರಗತಿಯಲ್ಲಿ ಮಾಸ್ತರು ಜಲಜನಕದ ಪರಮಾಣು ತೂಕ ಒಂದು, ಆಮ್ಲಜನಕದ್ದು ಹದಿನಾರು ಎಂದು ಬರೆಸಿದರು. ಹದಿನಾರು ಏನು? ಮಾಪಿಲ್ಲದ ತೂಕವನ್ನು ನಾನು ಕೇಳಿಯೇ ಇರಲಿಲ್ಲ. ಶಾಲೆಯ ಪರೀಕ್ಷೆಯಲ್ಲಿ ಪ್ರತಿ ಅಂಕಿಯ ಮುಂದೂ 'ಗ್ರಾಂ' ಎಂದು ಬರೆದೆ. ವಿಜ್ಞಾನದಲ್ಲಿ ನಪಾಸಾದೆ.

ಮನೆಗೆ ಆಗಲೇ ಮುಂಡಗೋಡದ ಕಡೆಯಿಂದ ಒಂದು ಸಂಬಂಧ ಬಂದು ಕೂತಿತ್ತು. "ಇನ್ನೊಂದ್ ಸಲ ನಪಾಸಾದ್ರ ಸಾಲಿ ಸಾಕು, ಲಗ್ನ ಮಾಡೂಣು," ಎಂದುಬಿಟ್ಟರು ಅಪ್ಪ. ನನಗೆ ಅನ್ನ ಸೇರದಾಯಿತು. ಓದುವ ಆಸೆ ನನಗೆ ಬಹಳವಿತ್ತು.

ಒಂದು ಸಂಜೆ ಮಾಸ್ತರು ಅಕ್ಕಿ ಒಯ್ಯಲು ಬಂದರು. ಮಹಾ ಮುಂಗೋಪಿ. ಅಪ್ಪನ ಎದುರೇ ಮಾನ ಕಳೆಯುತ್ತಾರೆಂದು ನಾನು ಚೀಲಗಳ ಹಿಂದೆ ಸರಿದೆ. ಬಿಡಲಿಲ್ಲ, ಕರೆದರು.

"ಗ್ರಾಂ ಯಾಕ ಬರೀತಿ, ತಂಗೀ?"

"ಮಾಪಿಲ್ದ ಹೆಂಗ ತೂಗೂದ್ರಿ?" ಎಂದೆ. ಅಳು ಬಂದೇಬಿಟ್ಟಿತ್ತು.

ಮಾಸ್ತರು ನಕ್ಕುಬಿಟ್ಟರು. ತಕ್ಕಡಿಯ ಹತ್ತಿರವಿದ್ದ ತೂಕದ ಕಲ್ಲುಗಳನ್ನೆಲ್ಲ ಬದಿಗೆ ಸರಿಸಿದರು. ಒಂದು ಕಡೆ ದಪ್ಪ ಉಳ್ಳಾಗಡ್ಡಿ ಇಟ್ಟು, ಇನ್ನೊಂದು ಕಡೆ ಲಿಂಬಿಹಣ್ಣು ಇಡುತ್ತಾ ಹೋಗಲು ನನಗೆ ಹೇಳಿದರು. ನಾಲ್ಕನೆಯದಕ್ಕೆ ತಕ್ಕಡಿ ಸಮ ನಿಂತಿತು.

"ಉಳ್ಳಾಗಡ್ಡಿ ಎಷ್ಟಾತು?"

"ನಾಕ್ರಿ."

"ನಾಕು ಸೇರೋ, ಕಿಲೋನೋ?"

ನಾನು ತಕ್ಕಡಿಯಲ್ಲಿದ್ದ ಲಿಂಬಿಹಣ್ಣುಗಳನ್ನು ಮತ್ತೊಮ್ಮೆ ಎಣಿಸಿದೆ. ಅಪ್ಪನೇ ಮುಂದೆ ಬಗ್ಗಿ ನೋಡಿ, "ನಾಕು ಪಟ್ಟು, ಖರೆ ಐತಿ," ಎಂದರು.

"ಜಲಜನಕ ಅಂದ್ರ ಆ ಲಿಂಬಿಹಣ್ಣು ಅಂತ ತಿಳಿ. ಆಮ್ಲಜನಕ ಅದರ ಹದಿನಾರು ಪಟ್ಟು. ಪಟ್ಟಿಗೆ ಎಲ್ಲಿ ಮಾಪು?"

ಅಯ್ಯೋ, ಇಷ್ಟೇನಾ! ತಲೆಯ ಮೇಲಿನ ಮೂಟೆ ಇಳಿಸಿದ ಹಾಗಾಯಿತು. ಅಂದು ಎರಡು ರೊಟ್ಟಿ ಹೆಚ್ಚೇ ತಿಂದೆ.

ಮುಂದಿನ ಪರೀಕ್ಷೆಯಲ್ಲಿ ಪಾಸಾದೆ. ಅಪ್ಪ ಮುಂಡಗೋಡಕ್ಕೆ 'ಹುಡುಗಿ ಇನ್ನಾ ಓದ್ತಾಳ' ಎಂದು ಹೇಳಿ ಕಳಿಸಿದರು. ನಾನು ಒಳಗೆ ಹೋಗಿ ಸಮಾಧಾನವಾಗುವಷ್ಟು ಅತ್ತೆ. ಮುಂದೆ ಧಾರವಾಡದಲ್ಲಿ ಓದಿದೆ, ನನಗೆ ಬೇಕಾದಾಗ ಬೇಕಾದವರನ್ನು ಮದುವೆಯಾದೆ.

ಫಲಿತಾಂಶ ಬರುವ ಮೊದಲೇ ಮಾಸ್ತರಿಗೆ ದಾಂಡೇಲಿಗೆ ವರ್ಗವಾಗಿತ್ತು. ಪಾಸಾದೆನೆಂದು ಹೇಳಿಬರಲು ಆಗ ಹುಡುಗಿಯನ್ನು ಒಬ್ಬಳೇ ಅಷ್ಟು ದೂರ ಯಾರು ಕಳಿಸುತ್ತಿದ್ದರು... ಈಗ ಯಾರ ಅಪ್ಪಣೆಯೂ ಬೇಡ. ಬಸ್ಸು ಹತ್ತಿದರೆ ದಾಂಡೇಲಿ. ಮಾಸ್ತರೇ ಇಲ್ಲ.