ಎಂಜಿನ್ನಿಗೆ ಹಂಡೆಯ ಮುಚ್ಚಳ

ಬಾಳ್ಳುಪೇಟೆ ದಾಟಿದ ಮೇಲೆ ಹೆದ್ದಾರಿ ಬದಿಯಲ್ಲಿ ಒಂದು ರೆಸಾರ್ಟ್ ಎದ್ದಿತು. ಅದರ ಓನರ್ ಗುಜರಿ ಹರಾಜಿನಲ್ಲಿ ಹಳೆಯ ಕಲ್ಲಿದ್ದಲಿನ ರೈಲು ಎಂಜಿನ್ ಕೊಂಡು ತಂದು ಗೇಟಿನ ಮುಂದೆ ನಿಲ್ಲಿಸಿದ. ಸಕಲೇಶಪುರದ ಘಾಟಿಯಲ್ಲಿ ಅಂಥದ್ದೇ ಎಂಜಿನ್ನುಗಳ ಒಲೆಗೆ ಕಲ್ಲಿದ್ದಲು ಎಸೆದೂ ಎಸೆದೂ ಬೆನ್ನು ಬಾಗಿಸಿಕೊಂಡವರು ನಮ್ಮ ಮಾವ. ಓನರ್ ಅವರನ್ನು ಹುಡುಕಿಕೊಂಡು ಬಂದು, ದಿನಾ ಬೆಳಿಗ್ಗೆ ಎಂಜಿನ್ ನೋಡಿಕೊಳ್ಳಿ ಅಂದ. ನೋಡಿಕೊಳ್ಳುವುದೆಂದರೆ ಟೋಪಿ ಹಾಕಿಕೊಂಡು ಪಕ್ಕದಲ್ಲಿ ನಿಲ್ಲುವುದು ಅಂತ ನಮಗೆ ಗೊತ್ತಾದದ್ದು ಆಮೇಲೆ.

ಮೊದಲ ದಿನವೇ ಮಾವ ಎಂಜಿನ್ನಿನ ಮೂತಿಯ ಬಾಗಿಲು ತೆಗೆದು ನೋಡಿ, ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದರು.

"ಒಳಗ್ ಮಂಡಿಯುದ್ದ ಬೂದಿ ಐತೆ ಕಣಮ್ಮ. ಮ್ಯಾಲೆ ಚಿಮಣಿ ಬಾಯ್ ಬಿಟ್ಕಂಡೈತೆ. ಒಂದ್ ಮಳೆಗಾಲ ಸಾಕು, ನೆಂದ ಬೂದಿ ತಳಾನ ತಿಂದಾಕ್ಬುಡ್ತದೆ."

ಇದನ್ನು ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಬಚ್ಚಲೊಲೆಯ ಬೂದಿ ತೋಡದೆ ಬಿಟ್ಟು ನೋಡಿ, ಥಂಡಿ ಹಿಡಿದು ಕಬ್ಬಿಣದ ಪಟ್ಟಿ ಹಪ್ಪಳದ ಹಾಗೆ ಏಳುತ್ತದೆ. ಓನರ್ ಮನೆಯಲ್ಲೂ ಹಂಡೆ ಇದ್ದೇ ಇತ್ತು. ಬೂದಿ ತೋಡುವ ಕೈ ಅವನದಲ್ಲ, ಅಷ್ಟೆ.

ಮರುದಿನ ಮಾವ ಬೂದಿ ತುಂಬಲು ಮಂಕರಿ ಹಿಡಿದು ಹೋದರೆ, ಪೇಂಟಿನವರು ಬಾಗಿಲಿನ ಬೋಲ್ಟುಗಳ ಮೇಲೆಲ್ಲ ಫಳಫಳ ಕಪ್ಪು ಬಳಿದಾಗಿತ್ತು. ಬಿಚ್ಚಿದರೆ ಬಣ್ಣ ಏಳುತ್ತದೆ, ಬೇಡ ಅಂದ ಓನರ್. ಚಿಮಣಿಯನ್ನಾದರೂ ಮುಚ್ಚೋಣ ಅಂತ ನಮ್ಮ ಹಂಡೆಯ ಮುಚ್ಚಳ ಕೊಟ್ಟು ಕಳಿಸಿದೆ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತಂತೆ.

ಕೂತಿದ್ದು ನಾಲ್ಕೇ ದಿನ.

"ಏನಜ್ಜ ಇದು, ಎಂಜಿನ್ನಿಗೆ ಹಂಡೆ ಮುಚ್ಚಳ! ಗೆಸ್ಟುಗಳು ಫೋಟೋ ನೋಡ್ಕೊಂಡು ನಗ್ತಾರೆ."

"ನಗ್ಲಿ ಬುಡಿ ಸ್ವಾಮಿ. ನಕ್ರೆ ತುಕ್ಕು ಹಿಡಿಯಲ್ಲ."

ಮುಚ್ಚಳ ಇಳಿಯಿತು, ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಫೋಟೋಕ್ಕೆ ನಿಲ್ಲುವಂಥದ್ದಲ್ಲ. ನಡುವೆ ಒಂದು ದಿನ ಅದು ಬಿಟ್ಟು ಹೊಳವಾದಾಗ ಮಾವ ಎಂಜಿನ್ನಿನ ಅಡಿಗೆ ನುಗ್ಗಿ ಸ್ಪ್ಯಾನರಿನಲ್ಲಿ ತಟ್ಟಿದರು. ಒಡಕು ಮಡಕೆಯ ಸದ್ದು ಬಂತು. ಬೆರಳಿಟ್ಟರೆ ಬೆರಳು ಒಳಗೇ ಹೋಯಿತು, ಕಪ್ಪು ನೀರು ತೊಟ್ಟಿಕ್ಕಿತು.

ತೂತಿನ ಸುದ್ದಿ ಕೇಳಿ ಓನರ್ ಕೂಡಲೇ ಕಾಳಜಿ ತೋರಿಸಿದ. ಹೊರಗಿನಿಂದ ಫೈಬರ್ ಶೀಟು ಅಂಟಿಸಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆಸಿ, ಕೆಳಗೆ ಸಾಲಾಗಿ ಕ್ರೋಟನ್ ಕುಂಡ ಇಡಿಸಿದ. ಒಳಗಿನ ಬೂದಿ ಒಳಗೇ.

"ಒಸರಿ ಹೋಗೋ ನೀರ್ನೂ ಕಟ್ಟಾಕ್ಬುಟ್ರಲ್ಲ ಮಾರಾಯ್ರಾ!" ಅಂತ ಮಾವ ತಲೆ ಚಚ್ಚಿಕೊಂಡರು.

ಇಷ್ಟಾಗಿ, ಮಳೆಗಾಲ ಮುಗಿದ ಮೇಲೆ ಎಂಜಿನ್ ಉಳಿಸಿದ್ದಕ್ಕೊಂದು ಸಮಾರಂಭ. ನಾನೂ ಹೋಗಿದ್ದೆ. ರಿಸೆಪ್ಷನ್ನಿನ ಗೋಡೆಯ ಮೇಲೆ, ಕೆಳಗೊಂದು ದೀಪ ಹಾಕಿಸಿಕೊಂಡು, ನಮ್ಮ ಹಂಡೆಯ ಮುಚ್ಚಳ ನೇತಾಡುತ್ತಿತ್ತು. ಕೇಳಿದರೆ, ಆಂಟಿಕ್ ಪೀಸ್ ಮೇಡಂ ಅಂದಳು ಅಲ್ಲಿ ಕೂತಿದ್ದ ಹುಡುಗಿ. ಹೊರಗೆ ಮಾವನಿಗೆ ಶಾಲು ಹೊದಿಸುತ್ತಿದ್ದರು.

"ನಂಗ್ಯಾಕ್ ಸ್ವಾಮಿ ಶಾಲು? ನನ್ ತಲೆ ಮ್ಯಾಲ್ ಹೆಂಚೈತೆ. ಆ ಎಂಜಿನ್ ಬಾಯ್ ಮುಚ್ಸಿ."

ಜನ ಚಪ್ಪಾಳೆ ತಟ್ಟಿದರು. ಅವರಿಗೆ ಅದೂ ಒಂದು ಭಾಷಣ.

ನಾನು ಗೋಡೆಯಿಂದ ಮುಚ್ಚಳ ಇಳಿಸಿಕೊಂಡು ಹೊರಗೆ ಬಂದೆ. ಬಲ್ಬು ಕಟ್ಟಲು ತಂದಿದ್ದ ಏಣಿ ಎಂಜಿನ್ನಿಗೇ ಒರಗಿತ್ತು. ಪಕ್ಕದಲ್ಲಿ 'ಹತ್ತಬೇಡಿ' ಅನ್ನುವ ಬೋರ್ಡು. ಸೆರಗು ಸಿಕ್ಕಿಸಿ, "ಏಣಿ ಹಿಡ್ಕಳಿ ಮಾವ" ಅಂದೆ. ಮುಚ್ಚಳ ಕೂರಿಸಿ, ಅದನ್ನು ನೇತುಹಾಕಿದ್ದ ತಂತಿಯನ್ನೇ ಬಿಗಿದು ಇಳಿಯುವ ಹೊತ್ತಿಗೆ ಗೆಸ್ಟುಗಳೆಲ್ಲ ಫೋನು ಎತ್ತಿ ಹಿಡಿದಿದ್ದರು. ಏಣಿ ಬಿಟ್ಟ ಮಾವ ಜೇಬಿನ ಸ್ಪ್ಯಾನರ್ ತೆಗೆದು ಅದರಿಂದ ಪುಟ್ಟಿಗೆ ಎರಡೇಟು ಹಾಕಿದರು. ಶೀಟು ಕಿತ್ತು ಬಂತು. ಇಡೀ ಮಳೆಗಾಲದ ಕಪ್ಪು ನೀರು ಕ್ರೋಟನ್ ಕುಂಡಗಳ ಮೇಲೆ ದಬದಬ ಸುರಿಯಿತು.

ನಾಳೆಯಿಂದ ಬರುವುದು ಬೇಡ ಅಂದ ಓನರ್.

ಮಾವ ಟೋಪಿ ತೆಗೆದು, ಒದ್ದೆಯಾಗದೆ ಉಳಿದಿದ್ದ ಕುಂಡವೊಂದನ್ನು ಹುಡುಕಿ, ಅದರ ಮೇಲಿಟ್ಟು ನಡೆದರು.